ಶಾಂತೇಶನ ಹೆಸರು ಹೊತ್ತ ಶಾಂತಕವಿಗಳು

ಉತ್ಸವದ ರಾತ್ರಿ ದೇವಸ್ಥಾನದ ಮುಂದೆ ಹರಿಕಥೆ ನಡೆದರೆ ನಮ್ಮ ಚೋರನೂರಿನಲ್ಲಿ ನಾವು ಭಕ್ತಿಯಿಂದ ಕೂಡುತ್ತೇವೆ. ಅದೇ ಕಥೆಯನ್ನು ಬಣ್ಣ ಹಚ್ಚಿ ಆಡಿದರೆ ಬರಿಯ ನಾಟಕವೆಂದು ಹಗುರವಾಗಿ ಕಾಣುತ್ತೇವೆ. ಈ ಎರಡಕ್ಕೂ ತಮ್ಮ ಬಾಳನ್ನು ಸವೆಸಿದ ಮಹನೀಯರು ಶಾಂತಕವಿಗಳು.

ಸಕ್ಕರಿ ಬಾಳಾಚಾರ್ಯರೆಂಬುದು ಅವರ ನಿಜನಾಮ. 1856ರಲ್ಲಿ, ಈಗಿನ ಹಾವೇರಿ ಜಿಲ್ಲೆಗೆ ಸೇರಿದ ಸಾತೇನಹಳ್ಳಿಯಲ್ಲಿ ಜನಿಸಿದರು. ಕದರಮಂಡಲಗಿಯ ಕಾಂತೇಶ, ಶಿಕಾರಿಪುರದ ಭ್ರಾಂತೇಶರೊಡನೆ ಆಸ್ತಿಕರು ಸ್ಮರಿಸುವ ಶಾಂತೇಶ ಪ್ರಾಣದೇವರ ಕ್ಷೇತ್ರವದು. ಆ ಸ್ವಾಮಿಯ ಹೆಸರೇ ಕವಿಯ ಕಾವ್ಯನಾಮದಲ್ಲಿ ನೆಲೆಸಿತು. ವೃತ್ತಿಯಿಂದ ಅವರು ಶಾಲಾ ಶಿಕ್ಷಕರು.

ಧಾರವಾಡ ಸೀಮೆಯು ಆಗ ಮುಂಬಯಿ ಆಧಿಪತ್ಯಕ್ಕೆ ಒಳಪಟ್ಟಿತ್ತು. ಊರೂರಿಗೆ ಮರಾಠಿ ನಾಟಕ ಮಂಡಳಿಗಳು ಬರುತ್ತಿದ್ದವು. ಕನ್ನಡಿಗರು ಪರಭಾಷೆಯ ಪದಗಳಿಗೆ ತಲೆದೂಗುತ್ತಿದ್ದರು. ಆ ಮರಾಠಿ ರಂಗಭೂಮಿಯಾದರೂ ಹುಟ್ಟಿದ್ದು ಹೇಗೆ? ಹೊನ್ನಾವರದ ಬಳಿಯ ಕರ್ಕಿಯ ಭಾಗವತರ ಆಟವನ್ನು ಕಂಡ ಮೇಲೆಯೇ ಸಾಂಗಲಿಯಲ್ಲಿ ವಿಷ್ಣುದಾಸ ಭಾವೆಯವರು 1843ರಲ್ಲಿ ಸೀತಾಸ್ವಯಂವರವನ್ನು ಆಡಿಸಿದರು. ನಮ್ಮ ಮನೆಯ ದೀಪದಿಂದ ನೆರೆಮನೆ ಬೆಳಗಿತ್ತು. ನಮ್ಮ ಮನೆಯಲ್ಲಿ ಕತ್ತಲೆ.

ಈ ಕೊರತೆಯನ್ನು ನೀಗಲು, 1870ರ ದಶಕದಲ್ಲಿ, ಇಪ್ಪತ್ತರ ಆಸುಪಾಸಿನ ಬಾಳಾಚಾರ್ಯರು ಗದುಗಿನಲ್ಲಿ ಮುಂದಾದರು. ಕುಮಾರವ್ಯಾಸನಿಗೆ ಒಲಿದ ವೀರನಾರಾಯಣನ ಹೆಸರನ್ನೇ ಮುಂದಿಟ್ಟುಕೊಂಡು ವೀರನಾರಾಯಣ ಪ್ರಾಸಾದಿತ ಕೃತಪುರ ನಾಟಕ ಮಂಡಳಿಯು ತಲೆಯೆತ್ತಿತು. ಅದಕ್ಕಾಗಿ ಅವರು ರಚಿಸಿದ ಉಷಾಹರಣದ ವಸ್ತು ಭಾಗವತ ದಶಮಸ್ಕಂಧದ್ದು: ಬಾಣಾಸುರನ ಮಗಳು ಉಷೆ, ಶ್ರೀಕೃಷ್ಣನ ಮೊಮ್ಮಗ ಅನಿರುದ್ಧ ಇವರ ಕಥೆ. ಹಾಡುಗಳೇ ಆ ನಾಟಕಗಳ ಜೀವಾಳ. ಮುಂದೆ ಉತ್ತರ ಕರ್ನಾಟಕದಲ್ಲಿ ಬೆಳೆದ ಕನ್ನಡ ನಾಟಕ ಕಂಪನಿಗಳಿಗೆ ಇದೇ ತಳಹದಿಯಾಯಿತು.

ರಂಗಕ್ಕೆ ಕೃತಿಗಳನ್ನಿತ್ತ ಅವರು ಸ್ವತಃ ಕೀರ್ತನಕಾರರೂ ಆಗಿದ್ದರು. ತಾಳ ಹಿಡಿದು ನಿಂತು, ಹರಿಮಹಿಮೆಯ ಜೊತೆಗೆ ಕನ್ನಡನಾಡಿನ ಗತವೈಭವವನ್ನೂ ಹಾಡಿ ಜನರನ್ನು ಎಚ್ಚರಿಸಿದರು. ರಕ್ಷಿಸು ಕರ್ನಾಟಕ ದೇವಿ ಎಂಬ ಪ್ರಸಿದ್ಧ ಗೀತೆಯು ಅವರದೇ. 1920ರಲ್ಲಿ ಅವರು ಕಾಲವಶರಾದಾಗ ಅವರ ಸೀಮೆ ಮುಂಬಯಿಗೆ, ನಮ್ಮ ಬಳ್ಳಾರಿ ಸೀಮೆ ಮದರಾಸಿಗೆ ಹಂಚಿಹೋಗಿದ್ದವು. 1953ರಲ್ಲಿ ಬಳ್ಳಾರಿ ಮೈಸೂರನ್ನು ಸೇರಿತು. 1956ರಲ್ಲಿ, ಅವರು ಹುಟ್ಟಿ ನೂರು ವರ್ಷ ತುಂಬಿದ ವರುಷವೇ, ಕನ್ನಡನಾಡು ಒಂದಾಯಿತು. ಅದನ್ನು ಕಾಣುವ ಭಾಗ್ಯ ಅವರಿಗಿರಲಿಲ್ಲ.

ತಿಳಿಗನ್ನಡದಲ್ಲಿ ಹಾಡಿದ್ದರಿಂದಲೇ ಪುರಂದರದಾಸರ ಪದಗಳು ನಮ್ಮ ಅಡಿಗೆಮನೆಯವರೆಗೂ ಬಂದವು. ಅದೇ ಭಾಷೆಯನ್ನು ರಂಗಕ್ಕೇರಿಸಿದವರು ಬಾಳಾಚಾರ್ಯರು. ಮುಂದಿನ ಉತ್ಸವದಲ್ಲಿ ನಮ್ಮ ಮಕ್ಕಳು ಪೌರಾಣಿಕ ನಾಟಕವನ್ನು ಆಡುತ್ತೇವೆಂದರೆ ನಾವು ಮುಖ ತಿರುಗಿಸದಿರೋಣ. ಮಂಗಳಾರತಿಯಾದ ಮೇಲೆ ಕುಳಿತು ನೋಡೋಣ. ಅದೂ ಸೇವೆಯೇ.

ಶ್ರೀಕೃಷ್ಣಾರ್ಪಣಮಸ್ತು.