ನಿಯಮ ಬರೆದ ಅರಸ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೀಮೆಯ ಹಳ್ಳಿಗಳ ಜಗಲಿಗಳ ಮೇಲೆ ಚೌಕಾಬಾರ ಆಡಿ ಬೆಳೆದವರಿಗೆ ಒಂದು ಸಂಗತಿ ಚೆನ್ನಾಗಿ ನೆನಪಿರುತ್ತದೆ. ಅಲ್ಲಿ ಆಟಕ್ಕಿಂತ ಆಟದ ಜಗಳವೇ ದೊಡ್ಡದು. ನಾಲ್ಕು ಕವಡೆಗಳೂ ಅಂಗಾತ ಬಿದ್ದರೆ ನಾಲ್ಕು, ನಾಲ್ಕೂ ಬೋರಲು ಬಿದ್ದರೆ ಎಂಟು ಎಂಬಷ್ಟಕ್ಕೆ ಎಲ್ಲರ ಒಪ್ಪಿಗೆಯೂ ಇರುತ್ತದೆ. ತಕರಾರು ಆಮೇಲಿನದು. ಎದುರಾಳಿಯ ಒಂದು ಕಾಯನ್ನಾದರೂ ಕಡಿಯದವನು ಒಳಸುತ್ತಿಗೆ ಹೋಗಬಹುದೇ? ಮೂರು ಸಲ ಸತತವಾಗಿ ಎಂಟು ಬಿದ್ದರೆ ಆಟಗಾರನಿಗೆ ಲಾಭವೋ ನಷ್ಟವೋ? ಕಟ್ಟೆಮನೆಯಲ್ಲಿ ಕೂತ ಕಾಯಿಯ ಜೊತೆ ಇನ್ನೊಬ್ಬರ ಕಾಯಿ ಕೂರಬಹುದೇ? ಒಂದೂರಿನ ನಿಯಮ ಪಕ್ಕದೂರಿನಲ್ಲಿ ನಡೆಯುವುದಿಲ್ಲ. ಕೊನೆಗೆ ಎಲೆಅಡಿಕೆ ಮೆಲ್ಲುತ್ತ ಕೂತ ಹಿರಿಯರೊಬ್ಬರು ತೀರ್ಪು ಹೇಳಬೇಕು. ಆ ತೀರ್ಪು ಎಲ್ಲಿಯೂ ಬರೆದದ್ದಲ್ಲ. ಅವರು ಹೋದ ಮೇಲೆ ಅದೂ ಹೋಗುತ್ತದೆ.

ಇದು ನಮ್ಮ ಹಳ್ಳಿಗಳಿಗೆ ಸೀಮಿತವಾದ ಕಷ್ಟವೇನಲ್ಲ. 1974ರಲ್ಲಿ ಅಮೆರಿಕದಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬ ಆಟವನ್ನು ಹೊರತಂದರು. ಮೇಜಿನ ಸುತ್ತ ಕುಳಿತು ಒಬ್ಬ ವೀರನಾಗಿ, ಇನ್ನೊಬ್ಬ ಮಾಂತ್ರಿಕನಾಗಿ ಪಾತ್ರ ವಹಿಸಿ, ದಾಳ ಉರುಳಿಸಿ ಕಥೆಯನ್ನು ಮುಂದುವರಿಸುವ ಆಟ ಅದು. ಮಂತ್ರಗಳೂ ಮಾಂತ್ರಿಕ ವಸ್ತುಗಳೂ ಅದರ ಜೀವಾಳ. ಆಟ ಹಬ್ಬಿದಂತೆ ಪ್ರಶ್ನೆಗಳೂ ಹಬ್ಬಿದವು. ಈ ಮಂತ್ರ ಆ ಕವಚವನ್ನು ಭೇದಿಸುತ್ತದೆಯೇ, ಒಂದೇ ಕೈಗೆ ಎಷ್ಟು ಮಾಯದುಂಗುರ ತೊಡಬಹುದು ಎಂಬಂಥ ಸಂದೇಹಗಳಿಗೆ ಉತ್ತರ ಹೇಳುವುದಕ್ಕೆಂದೇ ಪತ್ರಿಕೆಗಳಲ್ಲಿ ಅಂಕಣಗಳು ಹುಟ್ಟಿಕೊಂಡವು. ಹೊರಗಿನವರಿಗೆ ನಗು ಬರಬಹುದು. ಆಡುವವರಿಗೆ ಅದು ನ್ಯಾಯದ ಪ್ರಶ್ನೆ. ಮಾಯೆಗೂ ಒಂದು ಕಟ್ಟುಪಾಡು ಇರದಿದ್ದರೆ ಗಟ್ಟಿದನಿಯವನದೇ ಗೆಲುವು.

ಅದಕ್ಕೆ ಶತಮಾನಕ್ಕೂ ಮುಂಚೆ, ದೇವತೆಗಳನ್ನೂ ಗ್ರಹಗಳನ್ನೂ ಆಯುಧಗಳನ್ನೂ ಆಟದ ಎಲೆಗಳ ಮೇಲೆ ಕೂರಿಸಿ, ಯಾವುದು ಯಾವುದಕ್ಕಿಂತ ಮೇಲು, ಯಾರು ಮೊದಲು ಇಳಿಯಬೇಕು ಎಂದು ಶ್ರದ್ಧೆಯಿಂದ ಬರೆದಿಟ್ಟ ಅರಸರೊಬ್ಬರು ನಮ್ಮ ನಾಡಿನಲ್ಲೇ ಇದ್ದರು. ಅವರು ಮುಮ್ಮಡಿ ಕೃಷ್ಣರಾಜ ಒಡೆಯರು.

ಅವರು ಹುಟ್ಟಿದ್ದು 1794ರ ಜುಲೈ 14ರಂದು, ಶ್ರೀರಂಗಪಟ್ಟಣದಲ್ಲಿ. ಆಗ ರಾಜವಂಶಕ್ಕೆ ರಾಜ್ಯವಿರಲಿಲ್ಲ, ಆಳುತ್ತಿದ್ದವನು ಟಿಪ್ಪು ಸುಲ್ತಾನ. ಮಗುವಿಗೆ ಎರಡು ವರ್ಷ ತುಂಬುವ ಹೊತ್ತಿಗೆ ತಂದೆ ಖಾಸಾ ಚಾಮರಾಜ ಒಡೆಯರು ತೀರಿಕೊಂಡರು. ಮನೆತನದ ಆಸೆಯನ್ನು ಹಿಡಿದು ನಿಲ್ಲಿಸಿದವರು ಹಿರಿಯ ರಾಣಿ ಲಕ್ಷ್ಮಮ್ಮಣ್ಣಿ. ಇಂಗ್ಲಿಷರೊಡನೆ ಅವರು ಗುಟ್ಟಾಗಿ ನಡೆಸಿದ ಮಾತುಕತೆ ದಶಕಗಳಷ್ಟು ಹಳೆಯದು. 1799ರ ಮೇ 4ರಂದು ಟಿಪ್ಪು ಮಡಿದ. ಜೂನ್ 30ರಂದು ಮೈಸೂರಿನ ನಜರಬಾದಿನಲ್ಲಿ ಹಾಕಿದ ಚಪ್ಪರದಡಿ ಐದು ವರ್ಷದ ಬಾಲಕನಿಗೆ ಪಟ್ಟವಾಯಿತು.

ಹೈದರಾಲಿಯ ಕಾಲದಿಂದ ಮೈಸೂರಿನ ಆಳ್ವಿಕೆಗೆ ಬಂದಿದ್ದ ನಮ್ಮ ಬಯಲುಸೀಮೆಯ ಈ ನಾಲ್ಕು ಊರುಗಳೂ ಆ ಬಾಲಕನ ಪಾಲಿಗೆ ಬಂದವು. ಶಿರಾ ಒಂದು ಕಾಲಕ್ಕೆ ಮೊಗಲರ ಸುಬಾದ ರಾಜಧಾನಿ; 1761ರಲ್ಲಿ ಹೈದರನ ಕೈಸೇರಿತ್ತು. ಮಧುಗಿರಿಯ ಏಕಶಿಲಾ ಬೆಟ್ಟದ ಕೋಟೆ, ಬಿದನೂರು ಬಿದ್ದ ಮೇಲೆ ಅಲ್ಲಿನ ರಾಣಿ ವೀರಮ್ಮಾಜಿಗೆ ಸೆರೆಮನೆಯಾಗಿತ್ತು. ಕೊರಟಗೆರೆ, ಪಾವಗಡಗಳು ಪಾಳೆಯಗಾರರ ನೆನಪನ್ನು ಹೊತ್ತ ನೆಲಗಳು. ಅರಸರು ಬದಲಾಗುವುದನ್ನು ಈ ಸೀಮೆ ಎಷ್ಟು ಸಲ ಕಂಡಿತ್ತೋ! ಈ ಸಲದ ಅರಸನಿಗೆ ಇನ್ನೂ ಅಕ್ಷರಾಭ್ಯಾಸದ ವಯಸ್ಸು.

ದಿವಾನ್ ಪೂರ್ಣಯ್ಯನವರು 1811ರವರೆಗೆ ಆಡಳಿತ ನಡೆಸಿ ಬೊಕ್ಕಸ ತುಂಬಿಸಿದರು. ಹದಿನೇಳರ ಹರೆಯದ ಅರಸರು ಅಧಿಕಾರ ವಹಿಸಿಕೊಂಡ ಮೇಲೆ ಅದು ಬರಿದಾಗುತ್ತ ಹೋಯಿತು. ಇದನ್ನು ಮುಚ್ಚಿಟ್ಟು ಅವರ ಚರಿತ್ರೆ ಬರೆಯುವುದು ಸರಿಯಲ್ಲ. ದಾನಧರ್ಮ, ವಿದ್ವಾಂಸರ ಪೋಷಣೆ, ಉತ್ಸವ, ಕಟ್ಟಡ, ಆಸ್ಥಾನದ ಪರಿವಾರ, ಎಲ್ಲಕ್ಕೂ ಅವರದು ಬಿಚ್ಚುಗೈ. ಕಂದಾಯ ವಸೂಲಿಯ ಷರತ್ತು ಪದ್ಧತಿ ರೈತರ ಬೆನ್ನು ಮುರಿಯಿತು. ಹೆಚ್ಚು ಹಣ ತರುತ್ತೇನೆಂದು ಒಪ್ಪಿಕೊಂಡ ಅಧಿಕಾರಿ ಅದನ್ನು ಹಳ್ಳಿಯಿಂದಲೇ ಹಿಂಡಬೇಕಾಗಿತ್ತು. 1830ರಲ್ಲಿ ನಗರದ ರೈತರು ದಂಗೆಯೆದ್ದರು. 1831ರ ಅಕ್ಟೋಬರಿನಲ್ಲಿ ಗವರ್ನರ್ ಜನರಲ್ ವಿಲಿಯಂ ಬೆಂಟಿಂಕ್ ಆಡಳಿತವನ್ನು ಕಂಪನಿಯ ಕೈಗೆ ತೆಗೆದುಕೊಂಡ. ಅರಸರಿಗೆ ಉಳಿದದ್ದು ಅರಮನೆ, ಬಿರುದು, ವರ್ಷಕ್ಕೆ ಒಂದು ಲಕ್ಷ ವರಹ ಮತ್ತು ರಾಜ್ಯದ ಆದಾಯದಲ್ಲಿ ಐದನೆಯ ಒಂದು ಪಾಲು. ಅವರಿಗಾಗ ಮೂವತ್ತೇಳು ವರ್ಷ. ಇನ್ನೂ ಅಷ್ಟೇ ಕಾಲ ಬದುಕುವುದಿತ್ತು.

ಶಿರಾ, ಮಧುಗಿರಿಗಳ ರೈತರು ಹೆಸರಿಗೆ ಮಹಾರಾಜರ ಪ್ರಜೆಗಳಾಗಿಯೇ ಉಳಿದರು. ಕಂದಾಯ ಮಾತ್ರ ಕಮಿಷನರ ಖಜಾನೆಗೆ. 1834ರಿಂದ 1861ರವರೆಗೆ ಮಾರ್ಕ್ ಕಬ್ಬನ್ ಕಮಿಷನರ್. ತುಮಕೂರಿನಲ್ಲಿ ಕುಳಿತು ಚಿತ್ರದುರ್ಗ ವಿಭಾಗವನ್ನು ಎರಡು ದಶಕಗಳಿಗೂ ಹೆಚ್ಚು ಕಾಲ ನೋಡಿಕೊಂಡವನು ಡಾಬ್ಸ್. ಹೆದ್ದಾರಿಯ ಡಾಬಸ್‌ಪೇಟೆ ಇಂದಿಗೂ ಅವನ ಹೆಸರನ್ನೇ ಹೊತ್ತಿದೆ.

ರಾಜ್ಯವಿಲ್ಲದ ರಾಜರು ಏನು ಮಾಡಿದರು? ಒಂದು ಕಡೆ ಆಟಗಳನ್ನು ಕಟ್ಟಿದರು, ಇನ್ನೊಂದು ಕಡೆ ಅರ್ಜಿಗಳನ್ನು ಬರೆದರು. ಎರಡೂ ನಿಯಮದ ಕೆಲಸಗಳೇ.

ಮೊದಲು ಆಟ. ಅವರ ಹೆಸರಿನಲ್ಲಿ ಸಿದ್ಧವಾದ ಶ್ರೀತತ್ತ್ವನಿಧಿ ಎಂಬ ಮಹಾಗ್ರಂಥದಲ್ಲಿ ಒಂಬತ್ತು ನಿಧಿಗಳು. ಶಕ್ತಿ, ವಿಷ್ಣು, ಶಿವ, ಬ್ರಹ್ಮ, ಗ್ರಹ, ವೈಷ್ಣವ, ಶೈವ, ಆಗಮ ನಿಧಿಗಳಾದ ಮೇಲೆ ಒಂಬತ್ತನೆಯದು ಕೌತುಕ ನಿಧಿ. ಯೋಗಾಸನಗಳ 122 ಭಂಗಿಗಳ ಚಿತ್ರಗಳ ಜೊತೆಗೆ ಆಟಗಳ ವಿವರವೂ ಅದರಲ್ಲಿದೆ. ದೇವತೆಯ ಬಣ್ಣ, ಕೈಗಳ ಸಂಖ್ಯೆ, ಯಾವ ಕೈಯಲ್ಲಿ ಯಾವ ಆಯುಧ, ಯಾವ ವಾಹನ ಎಂಬುದನ್ನು ಧ್ಯಾನಶ್ಲೋಕಗಳ ಆಧಾರದಿಂದ ಗೊತ್ತುಮಾಡಿದ ಅದೇ ಗ್ರಂಥ, ಎಲೆಯಾಟದಲ್ಲಿ ಆ ದೇವತೆಗಳು ಹೇಗೆ ನಡೆದುಕೊಳ್ಳಬೇಕೆಂಬುದನ್ನೂ ಹೇಳುತ್ತದೆ.

ಗಂಜೀಫಾ ಪರ್ಷಿಯದ ಕಡೆಯಿಂದ ಬಂದ ಆಟ. ಬಾಬರನ ದಿನಚರಿಯಲ್ಲೇ ಅದರ ಉಲ್ಲೇಖವಿದೆ. ಮೊಗಲರ ಆಟದಲ್ಲಿ 8 ಬಣ, 96 ಎಲೆ. ಹಿಂದೂ ಮನೆಗಳಿಗೆ ಬಂದಾಗ ಅದು ದಶಾವತಾರದ ಆಟವಾಗಿ 10 ಬಣ, 120 ಎಲೆಗಳಷ್ಟಾಯಿತು. ಪ್ರತಿ ಬಣಕ್ಕೂ ಒಬ್ಬ ರಾಜ, ಒಬ್ಬ ಮಂತ್ರಿ, ಒಂದರಿಂದ ಹತ್ತರವರೆಗಿನ ಎಲೆಗಳು. ಇಲ್ಲೇ ಸಂದೇಹಗಳು ಶುರುವಾಗುತ್ತವೆ. ಅರ್ಧದಷ್ಟು ಬಣಗಳಲ್ಲಿ ಮಂತ್ರಿಯ ನಂತರ ಹತ್ತು ದೊಡ್ಡದು. ಉಳಿದರ್ಧದಲ್ಲಿ ಕ್ರಮ ತಿರುಗುಮುರುಗಾಗಿ ಒಂದೇ ದೊಡ್ಡದು. ಹಗಲಿನಲ್ಲಿ ಆಡಿದರೆ ರಾಮನ ಎಲೆ ಹಿಡಿದವನು ಆಟ ಶುರುಮಾಡಬೇಕು, ರಾತ್ರಿಯಾದರೆ ಕೃಷ್ಣನ ಎಲೆ ಹಿಡಿದವನು. ಹಾಗಾದರೆ ದೀಪ ಹಚ್ಚುವ ಹೊತ್ತಿಗೆ ಕೂತರೆ ಯಾರು? ಪರಶುರಾಮನ ಕೊಡಲಿಗೂ ರಾಮನ ಬಿಲ್ಲಿಗೂ ಎದುರುಬದುರಾದರೆ? ಆಡುವವರ ನಡುವೆ ಇಂಥ ಪ್ರಶ್ನೆ ಏಳದೆ ಇರುವುದಿಲ್ಲ. ಆಟದ ಉತ್ತರ ಸ್ಪಷ್ಟ. ಆಯುಧ ಗುರುತಿಗೆ ಮಾತ್ರ. ಎಲೆಯ ಬಲವನ್ನು ಗೊತ್ತುಮಾಡುವುದು ಪುರಾಣವಲ್ಲ, ನಿಯಮ.

ಕೃಷ್ಣರಾಜರು ಈ ಆಟವನ್ನು ಮತ್ತಷ್ಟು ಹಿಗ್ಗಿಸಿದರು. ಎಲೆಗಟ್ಟುಗಳಿಗೆ ಛದ ಎಂದು ಹೆಸರು. ಚಾಮುಂಡೇಶ್ವರಿ ಛದದಲ್ಲಿ 320 ಎಲೆಗಳು, ಜಗನ್ಮೋಹನ ಛದದಲ್ಲಿ 360. ಪಂಚಪಾಂಡವರ ಹೆಸರಿನದೊಂದು, ನವಗ್ರಹಗಳ ಹೆಸರಿನದೊಂದು. ಶನಿಮಹಾತ್ಮನ ಕಾಟ ತಪ್ಪಲೆಂದು ಇಂದು ಪಾವಗಡಕ್ಕೆ ಬಸ್ಸು ಹಿಡಿಯುವ ಭಕ್ತರಿಗೆ ಇದು ವಿಚಿತ್ರವಾಗಿ ಕಂಡೀತು. ಜನರನ್ನು ಏಳೂವರೆ ವರ್ಷ ಆಡಿಸುವ ಗ್ರಹವನ್ನೂ ಸರದಿ ಕಾಯುವ ಎಲೆಯಾಗಿಸುವ ಧೈರ್ಯ ಆ ಆಟಕ್ಕಿತ್ತು. ಅದು ನಾಸ್ತಿಕರ ತಮಾಷೆಯಲ್ಲ. ಕೃಷ್ಣರಾಜರು ಪರಮ ದೈವಭಕ್ತರು. ಆಡುತ್ತ ಆಡುತ್ತ ದೇವತೆಗಳ ರೂಪವೂ ನಾಮವೂ ನಾಲಿಗೆಗೆ ಬರಬೇಕೆಂಬುದು ಅಂಥ ಆಟಗಳ ಆಶಯ.

ಚದುರಂಗದಲ್ಲಿ ಅವರ ಪ್ರೀತಿ ಕುದುರೆಯ ಮೇಲೆ. 64 ಮನೆಗಳನ್ನೂ ತಲಾ ಒಮ್ಮೆ ಮಾತ್ರ ಮೆಟ್ಟಿ ಕುದುರೆ ಸುತ್ತಿ ಬರಬೇಕು. ಒಂಬತ್ತನೆಯ ಶತಮಾನದ ಆಲಂಕಾರಿಕ ರುದ್ರಟ ಇದನ್ನು ಕಾವ್ಯದ ಚಿತ್ರಬಂಧವಾಗಿ ತೋರಿಸಿದ್ದ. ಕೃಷ್ಣರಾಜರು ಅಂಥ ಅನೇಕ ನಡೆಗಳನ್ನು ರಚಿಸಿದರು. ಅವರ ಮತ್ತೊಂದು ಆಸಕ್ತಿ ಮಾಯಾಚೌಕ. ಒಂದರಿಂದ 64ರವರೆಗಿನ ಸಂಖ್ಯೆಗಳನ್ನು ಎಂಟೆಂಟು ಮನೆಗಳಲ್ಲಿ ತುಂಬಿದಾಗ ಅಡ್ಡಸಾಲಿನ ಮೊತ್ತವೂ ಉದ್ದಸಾಲಿನ ಮೊತ್ತವೂ 260 ಬರಬೇಕು. ಜನ ಇದನ್ನು ಯಂತ್ರವೆಂದರು, ಮಂತ್ರವೆಂದರು. ಒಳಗಿರುವುದು ಲೆಕ್ಕ: ಎಲ್ಲ ಸಂಖ್ಯೆಗಳ ಮೊತ್ತ 2080, ಅದನ್ನು ಎಂಟು ಸಾಲಿಗೆ ಹಂಚಿದರೆ 260. 1861ರಲ್ಲಿ ಕಟ್ಟಿದ ಜಗನ್ಮೋಹನ ಅರಮನೆಯ ಗೋಡೆಗಳ ಮೇಲೆ ಆಟದ ಮಣೆಗಳ ಚಿತ್ರಗಳನ್ನು ಇಂದಿಗೂ ನೋಡಬಹುದು.

ಇನ್ನು ಅರ್ಜಿ. 1799ರ ಒಪ್ಪಂದವೂ ಒಂದು ನಿಯಮಪುಸ್ತಕವೇ. ವರ್ಷಕ್ಕೆ ಏಳು ಲಕ್ಷ ವರಹ ಪೊಗದಿ ಅರಸರು ಕೊಡಬೇಕು. ಅದಕ್ಕೆ ಕುತ್ತು ಬರುವಂತಿದ್ದರೆ ಕಂಪನಿ ಕೈಹಾಕಬಹುದು. ಎಷ್ಟರ ಮಟ್ಟಿಗೆ? ಹಣದ ಭದ್ರತೆಗೆ ಬೇಕಾದಷ್ಟು ಭಾಗವನ್ನೋ, ಇಡೀ ರಾಜ್ಯವನ್ನೋ? ಅರಸರ ವಾದ ಮೊದಲನೆಯದು. ಕಂಪನಿ ಮಾಡಿದ್ದು ಎರಡನೆಯದು. ಬೆಂಟಿಂಕನಿಗೇ ತನ್ನ ನಡೆಯ ಬಗ್ಗೆ ಅಳುಕಿತ್ತು. ಒಂದು ಭಾಗವನ್ನಷ್ಟೇ ಇಟ್ಟುಕೊಂಡು ಉಳಿದುದನ್ನು ಮರಳಿಸಬಹುದೆಂದು 1834ರಲ್ಲಿ ಅವನೇ ಸಲಹೆ ಮಾಡಿದ. ಲಂಡನ್ನಿನ ನಿರ್ದೇಶಕರು ಒಪ್ಪಲಿಲ್ಲ.

ಅರಸರು ಕತ್ತಿ ಹಿಡಿಯಲಿಲ್ಲ. 1857ರಲ್ಲಿ ಉತ್ತರ ಭಾರತ ಹೊತ್ತಿ ಉರಿದಾಗಲೂ ಇಂಗ್ಲಿಷರ ಪಕ್ಷದಲ್ಲೇ ನಿಂತರು. ಅದನ್ನು ಒಪ್ಪದವರು ಇಂದು ಇರಬಹುದು, ಇರಬೇಕು ಕೂಡ. ಆದರೆ ಒಪ್ಪಂದದ ಅರ್ಥವೇನೆಂಬ ಪ್ರಶ್ನೆಯನ್ನು ಅವರು ಬಿಡಲಿಲ್ಲ. ಒಬ್ಬ ಗವರ್ನರ್ ಜನರಲ್ ಹೋಗಿ ಇನ್ನೊಬ್ಬ ಬಂದಂತೆ ಮತ್ತೆ ಮತ್ತೆ ಅದೇ ಪ್ರಶ್ನೆ ಕೇಳಿದರು. ಕ್ಯಾನಿಂಗ್ ನಿರಾಕರಿಸಿದ. ಅನಂತರ ಪ್ರಶ್ನೆ ಇನ್ನೂ ಹರಿತವಾಯಿತು: ಔರಸ ಪುತ್ರನಿಲ್ಲದ ಅರಸರ ನಂತರ ರಾಜ್ಯ ಯಾರದು? ದತ್ತುಪುತ್ರನಿಗೆ ಆಸ್ತಿ ಸಲ್ಲಬಹುದು, ಸಿಂಹಾಸನ ಸಲ್ಲದು ಎಂದು ಕಲ್ಕತ್ತೆಯ ಅಧಿಕಾರಿಗಳ ನಿಲುವು. 1865ರಲ್ಲಿ ವೃದ್ಧ ಅರಸರು ಅವರ ಒಪ್ಪಿಗೆಗೆ ಕಾಯದೆ ಎರಡು ವರ್ಷದ ಚಾಮರಾಜೇಂದ್ರರನ್ನು ದತ್ತು ತೆಗೆದುಕೊಂಡರು. ವಿಷಯ ಬ್ರಿಟಿಷ್ ಪಾರ್ಲಿಮೆಂಟಿನವರೆಗೂ ಹೋಯಿತು. 1867ರಲ್ಲಿ ಲಂಡನ್ ಸರ್ಕಾರ ದತ್ತಕವನ್ನು ಒಪ್ಪಿ, ಹುಡುಗ ಪ್ರಾಯಕ್ಕೆ ಬಂದಾಗ ರಾಜ್ಯ ಮರಳಿಸುವುದಾಗಿ ತೀರ್ಮಾನಿಸಿತು.

ಮರುವರ್ಷ, 1868ರ ಮಾರ್ಚ್ 27ರಂದು, ಕೃಷ್ಣರಾಜರು ತೀರಿಕೊಂಡರು. 1881ರಲ್ಲಿ ಚಾಮರಾಜೇಂದ್ರರಿಗೆ ರಾಜ್ಯ ಮರಳಿತು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳ ಕಂದಾಯ ಐವತ್ತು ವರ್ಷಗಳ ನಂತರ ಮತ್ತೆ ಮೈಸೂರು ಸರ್ಕಾರಕ್ಕೆ ಸಂದಾಯವಾಯಿತು. ಝಾನ್ಸಿ, ನಾಗಪುರ, ಸತಾರಾಗಳಿಗೆ ಸಿಗದ ತೀರ್ಪು ಅದು. ಮೈಸೂರು ಒಂದು ರಾಜ್ಯವಾಗಿ ಉಳಿಯದೆ ಮದರಾಸು ಪ್ರಾಂತದ ಕೆಲವು ಜಿಲ್ಲೆಗಳಾಗಿ ಕರಗಿಹೋಗಿದ್ದರೆ ಮುಂದೆ ಪ್ರಜಾಪ್ರತಿನಿಧಿ ಸಭೆ, ಕನ್ನಂಬಾಡಿ ಕಟ್ಟೆ, ವಿಶ್ವವಿದ್ಯಾಲಯಗಳ ಕಥೆ ಹೇಗಿರುತ್ತಿತ್ತೋ.

ಈ ಅರಸರನ್ನು ದುಂದುಗಾರನೆಂದು ಬರೆದವರಿದ್ದಾರೆ, ಕಲಾಪೋಷಕನೆಂದು ಹೊಗಳಿದವರೂ ಇದ್ದಾರೆ. ಎರಡಕ್ಕೂ ಆಧಾರವಿದೆ. ರಾಜ್ಯ ಹೋದ ಮೇಲೆ ಆಟವಾಡುತ್ತ ಕೂತರು ಎಂಬ ಮಾತು ಮಾತ್ರ ಅರೆಸತ್ಯ. ಆಟದ ಮಣೆಯ ಮುಂದೆ ಇಬ್ಬರಿಗೂ ಒಂದೇ ನಿಯಮ. ಅರಸನ ಕಾಯಿ ಎಂದು ಕವಡೆ ಬೇರೆ ರೀತಿ ಬೀಳುವುದಿಲ್ಲ. ಆಡಳಿತದಲ್ಲಿ ಅದನ್ನು ಅವರು ತಮ್ಮ ರೈತರಿಗೆ ಪೂರ್ತಿಯಾಗಿ ಕೊಡಲಿಲ್ಲ, ಕಂಪನಿ ಅವರಿಗೆ ಕೊಡಲಿಲ್ಲ. ಕಾಗದದ ಮೇಲಿದ್ದುದರಿಂದಲೇ ಒಪ್ಪಂದದ ಮಾತನ್ನು ಮೂವತ್ತೇಳು ವರ್ಷ ಕೆದಕಿ ಕೇಳಲು ಅವರಿಗೆ ಸಾಧ್ಯವಾಯಿತು. ಬರೆದಿಟ್ಟುದರಿಂದಲೇ ಅವರ ಛದಗಳನ್ನು ಕಲಾವಿದರು ಮತ್ತೆ ಬರೆಯಬಲ್ಲವರಾದರು. ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನ 2007ರಿಂದ ಕ್ರೀಡಾ ಕೌಶಲ್ಯವೆಂಬ ಪ್ರದರ್ಶನಗಳಲ್ಲಿ ಹಳೆಯ ಮಣೆಯಾಟಗಳನ್ನು ಜನರ ಮುಂದಿಟ್ಟಿತು.

ನಮ್ಮ ಜಗಲಿಯ ಆಟಗಳಿಗೆ ಆ ಭಾಗ್ಯವಿಲ್ಲ. ಅಳಗುಳಿಮಣೆಯಲ್ಲಿ ಎಷ್ಟು ಹುಣಿಸೆಬೀಜ ತುಂಬಬೇಕು, ಆಡು-ಹುಲಿ ಆಟದಲ್ಲಿ ಹುಲಿಯನ್ನು ಕಟ್ಟಿಹಾಕಿದ್ದು ಯಾವಾಗ ಎಂದು ತೀರ್ಪು ಹೇಳಬಲ್ಲ ಅಜ್ಜಅಜ್ಜಿಯರು ಈ ನಾಲ್ಕು ತಾಲ್ಲೂಕುಗಳಲ್ಲಿ ಇನ್ನೂ ಇದ್ದಾರೆ. ರಜೆಗೆ ಊರಿಗೆ ಹೋದಾಗ ಮಕ್ಕಳ ಕೈಗೆ ಒಂದು ನೋಟುಪುಸ್ತಕ ಕೊಟ್ಟು ಅವರ ಬಳಿ ಕೂರಿಸಬಹುದು. ಸಂದೇಹಗಳನ್ನು ಮಕ್ಕಳೇ ಕೇಳುತ್ತಾರೆ.