ಊರು ಬಿಟ್ಟು ಬಂದ ತೋಟಗಾರ

ತೋಟಗಾರಿಕೆ ಓದಿ ಪುಣೆಯಲ್ಲಿ ಕೆಲಸ ಹಿಡಿದು ಹನ್ನೊಂದು ವರ್ಷವಾಯಿತು. ಅಪಾರ್ಟ್‌ಮೆಂಟುಗಳ ತೋಟ ನೋಡಿಕೊಳ್ಳುವುದು ನನ್ನ ಉದ್ಯೋಗ. ಡಿಗ್ರಿ ಮಾಡಿ ಮಾಲಿ ಕೆಲಸವಾ ಎಂದು ಊರಲ್ಲಿ ಈಗಲೂ ಕೇಳುವವರಿದ್ದಾರೆ. ಆಗೆಲ್ಲ ನನಗೆ ಕೃಂಬಿಗಲ್ ನೆನಪಾಗುತ್ತಾರೆ.

ಲಾಲ್‌ಬಾಗ್ ಪಕ್ಕದ ರಸ್ತೆಗೆ ಅವರ ಹೆಸರಿದೆ. ಓದುವ ದಿನಗಳಲ್ಲಿ ಆ ಬೋರ್ಡು ನೋಡಿ ಯಾರೋ ಬ್ರಿಟಿಷ್ ದೊರೆ ಇರಬೇಕು ಅಂದುಕೊಂಡಿದ್ದೆ. ಬ್ರಿಟಿಷರೂ ಅಲ್ಲ, ದೊರೆಯೂ ಅಲ್ಲ. ಗುಸ್ಟಾವ್ ಹರ್ಮನ್ ಕೃಂಬಿಗಲ್ ಹುಟ್ಟಿದ್ದು 1865ರಲ್ಲಿ, ಜರ್ಮನಿಯ ಡ್ರೆಸ್ಡೆನ್ ಹತ್ತಿರ. ತೋಟದ ಕೆಲಸವನ್ನು ಕೈಯಾರೆ ಕಲಿತು, ಲಂಡನ್ನಿನ ಕ್ಯೂ ಉದ್ಯಾನದಲ್ಲಿ ದುಡಿದು, 1893ರಲ್ಲಿ ಬರೋಡಾದ ಸಯಾಜಿರಾವ್ ಗಾಯಕವಾಡರ ಸೇವೆಗೆ ಬಂದರು. ಅಲ್ಲಿಂದ 1908ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಅವರನ್ನು ಮೈಸೂರು ಸಂಸ್ಥಾನಕ್ಕೆ ಕರೆಸಿಕೊಂಡರು. ನಮ್ಮ ಹಾಗೇ, ಕೆಲಸ ಕರೆದ ಕಡೆ ಹೋದವರು.

ಲಾಲ್‌ಬಾಗ್ ಬೆಳೆಸಿದ್ದು, 1912ರಲ್ಲಿ ಮೈಸೂರು ತೋಟಗಾರಿಕಾ ಸಂಘ ಕಟ್ಟಿದ್ದು, ಮಿರ್ಜಾ ಇಸ್ಮಾಯಿಲ್ ಕಾಲದಲ್ಲಿ ಬೃಂದಾವನದ ವಿನ್ಯಾಸಕ್ಕೆ ಕೈಹಾಕಿದ್ದು ಎಲ್ಲರಿಗೂ ಗೊತ್ತು. ನನಗೆ ದೊಡ್ಡದಾಗಿ ಕಾಣುವುದು ಸಾಲುಮರದ ಲೆಕ್ಕ. ಒಂದು ಜಾತಿಯ ಹೂ ಉದುರುವ ಹೊತ್ತಿಗೆ ಇನ್ನೊಂದು ಅರಳಬೇಕು, ಊರಿನ ಯಾವುದಾದರೂ ಬೀದಿಯಲ್ಲಿ ವರ್ಷವಿಡೀ ಹೂ ಇರಬೇಕು. ಕೇಳಲು ಸುಲಭ. ನೆಟ್ಟ ಗಿಡ ಮರವಾಗಿ ಹೂ ಬಿಡಲು ವರ್ಷಗಳು ಬೇಕು. ಅಷ್ಟರಲ್ಲಿ ನೆಟ್ಟವನಿಗೆ ವರ್ಗವಾಗಿರುತ್ತದೆ, ಇಲ್ಲವೇ ವಯಸ್ಸಾಗಿರುತ್ತದೆ. ಮಾರ್ಚಿನಲ್ಲಿ ಜಕರಂಡಾದ ನೇರಳೆ, ಏಪ್ರಿಲ್ ಕೊನೆಗೆ ಗುಲ್‌ಮೊಹರ್‌ನ ಕೆಂಪು, ಮಳೆ ಮುಗಿದ ಮೇಲೆ ಆಕಾಶಮಲ್ಲಿಗೆಯ ಬಿಳಿ. ಬೆಂಗಳೂರಲ್ಲಿ ಬೆಳೆದವರಿಗೆ ಇದು ಕ್ಯಾಲೆಂಡರ್ ಇದ್ದಂತೆ.

ಯುದ್ಧ ಬಂದಾಗ ಈ ಮನುಷ್ಯ ಜರ್ಮನ್ ಎಂಬ ಒಂದೇ ಕಾರಣಕ್ಕೆ ಬ್ರಿಟಿಷ್ ಸರ್ಕಾರ ಅವರನ್ನು ಬಂಧನದಲ್ಲಿಟ್ಟಿತು. ಅಷ್ಟು ವರ್ಷ ಮಣ್ಣು ಮುಟ್ಟಿ ದುಡಿದ ನಾಡಲ್ಲಿ ಹೊರಗಿನವನಾಗುವುದು ಎಂದರೇನು ಎಂದು, ಪರಭಾಷೆಯ ಊರಲ್ಲಿರುವ ನಮಗೆ ಬಿಡಿಸಿ ಹೇಳಬೇಕಿಲ್ಲ. ಆದರೂ ಅವರು ತಾಯ್ನಾಡಿಗೆ ಮರಳಲಿಲ್ಲ. 1932ರಲ್ಲಿ ನಿವೃತ್ತರಾಗಿ ಲಾಲ್‌ಬಾಗನ್ನು ಎಚ್.ಸಿ. ಜವರಾಯರ ಕೈಗೆ ಒಪ್ಪಿಸಿದರು. 1956ರಲ್ಲಿ ಬೆಂಗಳೂರಲ್ಲೇ ತೀರಿಕೊಂಡರು. ಹೊಸೂರು ರಸ್ತೆಯ ಸ್ಮಶಾನದಲ್ಲಿ ಅವರ ಸಮಾಧಿಯಿದೆ.

ಕಳೆದ ತಿಂಗಳು ಇಲ್ಲಿನ ಒಂದು ಸಮುಚ್ಚಯದ ಕಮಿಟಿ, ಕಾಂಪೌಂಡ್ ಉದ್ದಕ್ಕೂ ಒಂದೇ ಜಾತಿಯ ಪಾಮ್ ಸಾಕು, ಬೇಗ ಎದ್ದು ಕಾಣುತ್ತದೆ, ಕಸ ಕಡಿಮೆ ಎಂದಿತು. ನಾನು ತಿಂಗಳವಾರು ಹೂವಿನ ಪಟ್ಟಿ ಬರೆದುಕೊಟ್ಟೆ. ಮೂರು ಜಾತಿಗೆ ಒಪ್ಪಿದ್ದಾರೆ. ಆಕಾಶಮಲ್ಲಿಗೆಗೆ ಇನ್ನೂ ಜಗಳ ನಡೆದಿದೆ.