ಸಕ್ಕರೆ ಕಾಯಿಲೆಗೆ ಮದ್ದು ತಂದ ಬ್ಯಾಂಟಿಂಗ್

ಮಂಡ್ಯ: ಸಕ್ಕರೆಯ ನಾಡೆಂದು ಮಂಡ್ಯಕ್ಕೆ ಹೆಸರು ತಂದ ಮೈಸೂರು ಸಕ್ಕರೆ ಕಂಪನಿ 1933ರಲ್ಲಿ ಸ್ಥಾಪನೆಯಾಯಿತು. ಅದರ ಹಿಂದೆ ಕೆನಡಾದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅವರ ಶ್ರಮವಿತ್ತು. ಕೋಲ್ಮನ್ ವ್ಯಾಸಂಗ ಮಾಡಿದ್ದ ಟೊರಾಂಟೊ ವಿಶ್ವವಿದ್ಯಾಲಯದಲ್ಲಿಯೇ, 1921ರಲ್ಲಿ, ಸಕ್ಕರೆ ಕಾಯಿಲೆಯ ಮದ್ದಾದ ಇನ್ಸುಲಿನ್ ಕೈಗೆ ದಕ್ಕಿತು. ಆ ಸಾಧನೆಯ ರೂವಾರಿ ಫ್ರೆಡರಿಕ್ ಬ್ಯಾಂಟಿಂಗ್.

ಬ್ಯಾಂಟಿಂಗ್ ಜನಿಸಿದ್ದು 1891ರ ನವೆಂಬರ್ 14ರಂದು, ಒಂಟಾರಿಯೊ ಪ್ರಾಂತ್ಯದ ರೈತ ಕುಟುಂಬದಲ್ಲಿ. ಮೊದಲ ಮಹಾಯುದ್ಧದಲ್ಲಿ ಸೇನಾ ವೈದ್ಯರಾಗಿದ್ದ ಅವರು 1918ರಲ್ಲಿ ಗಾಯಗೊಂಡರು. ಬಳಿಕ ತೆರೆದ ಚಿಕಿತ್ಸಾಲಯಕ್ಕೆ ರೋಗಿಗಳು ಬರುವುದೇ ಅಪರೂಪವಾಗಿತ್ತು. 1920ರ ಅಕ್ಟೋಬರ್‌ನ ಒಂದು ರಾತ್ರಿ, ಮೇದೋಜೀರಕ ಗ್ರಂಥಿಯ ಕುರಿತು ಓದುತ್ತಿದ್ದಾಗ, ಅದರ ಒಳಸ್ರಾವವನ್ನು ಬೇರ್ಪಡಿಸುವ ಉಪಾಯ ಹೊಳೆಯಿತು.

ಪ್ರಾಧ್ಯಾಪಕ ಮ್ಯಾಕ್ಲಿಯೋಡ್ ಪ್ರಯೋಗಾಲಯ ಒದಗಿಸಿದರು. ವಿದ್ಯಾರ್ಥಿ ಚಾರ್ಲ್ಸ್ ಬೆಸ್ಟ್ ಜತೆಯಾದರು. ನಾಯಿಗಳ ಮೇಲಿನ ಪ್ರಯೋಗ ಫಲ ನೀಡಿತು. ಆ ಕಾಲದಲ್ಲಿ ಮಧುಮೇಹದ ಮಕ್ಕಳಿಗೆ ಅರೆಹೊಟ್ಟೆಯ ಪಥ್ಯವೊಂದೇ ಚಿಕಿತ್ಸೆ. ಸಾವು ಕೆಲಕಾಲ ಮುಂದೆ ಹೋಗುತ್ತಿತ್ತು, ಅಷ್ಟೆ. 1922ರ ಜನವರಿ 11ರಂದು 14 ವರ್ಷದ ಲಿಯೊನಾರ್ಡ್ ಥಾಂಪ್ಸನ್‌ಗೆ ನೀಡಿದ ಮೊದಲ ಚುಚ್ಚುಮದ್ದು ನಿರೀಕ್ಷಿತ ಫಲ ಕೊಡಲಿಲ್ಲ. ಜೇಮ್ಸ್ ಕಾಲಿಪ್ ಶುದ್ಧೀಕರಿಸಿದ ಮದ್ದನ್ನು 23ರಂದು ನೀಡಿದಾಗ ಬಾಲಕ ಚೇತರಿಸಿಕೊಂಡ. ಮುಂದೆ 13 ವರ್ಷ ಬದುಕಿದ.

1923ರ ನೊಬೆಲ್ ಬ್ಯಾಂಟಿಂಗ್ ಮತ್ತು ಮ್ಯಾಕ್ಲಿಯೋಡ್ ಅವರಿಗೆ ಸಂದಿತು. ಬೆಸ್ಟ್ ಅವರನ್ನು ಕೈಬಿಟ್ಟದ್ದಕ್ಕೆ ಕೆರಳಿದ ಬ್ಯಾಂಟಿಂಗ್, ತಮ್ಮ ಪಾಲಿನ ಹಣದಲ್ಲಿ ಅರ್ಧವನ್ನು ಅವರಿಗೆ ಕೊಟ್ಟರು. ಕೋಟಿಗಟ್ಟಲೆ ತರಬಹುದಾಗಿದ್ದ ಹಕ್ಕುಸ್ವಾಮ್ಯ ತಲಾ ಒಂದು ಡಾಲರ್‌ಗೆ ವಿಶ್ವವಿದ್ಯಾಲಯದ ಪಾಲಾಯಿತು. 1941ರ ಫೆಬ್ರವರಿಯಲ್ಲಿ ವಿಮಾನ ಅಪಘಾತದಲ್ಲಿ ಬ್ಯಾಂಟಿಂಗ್ ನಿಧನರಾದರು.

ನಿರ್ನಾಳ ಗ್ರಂಥಿಗಳ ಸ್ರಾವ ಕುಂದಿದರೂ ಹೆಚ್ಚಿದರೂ ದೇಹದ ಲಯ ತಪ್ಪುತ್ತದೆ. ಥೈರಾಯ್ಡ್ ತೊಂದರೆಯೂ ಇದೇ ಬಗೆಯದು. ಒಂದನೇ ಬಗೆಯ ಮಧುಮೇಹದಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ಇನ್ಸುಲಿನ್ ತಯಾರಿಸುವ ಕಣಗಳನ್ನು ನಾಶಪಡಿಸುತ್ತದೆ. ಎರಡನೇ ಬಗೆಯಲ್ಲಿ ಇನ್ಸುಲಿನ್ ಇದ್ದರೂ ದೇಹ ಅದಕ್ಕೆ ಸರಿಯಾಗಿ ಸ್ಪಂದಿಸುವುದಿಲ್ಲ. ಅನುವಂಶೀಯತೆ, ಬೊಜ್ಜು, ದೈಹಿಕ ಶ್ರಮದ ಕೊರತೆ ಇದಕ್ಕೆ ದಾರಿ. ಕಬ್ಬಿನ ನಾಡಿನಲ್ಲಿ ಹುಟ್ಟಿದ್ದಾಗಲಿ, ಬೆಲ್ಲ ತಿಂದದ್ದಾಗಲಿ ತಾನಾಗಿಯೇ ಕಾಯಿಲೆ ತರುವುದಿಲ್ಲ; ಅತಿಯಾದರೆ ಬೊಜ್ಜಿಗೆ ಎಡೆಮಾಡಬಹುದು.

ಬ್ಯಾಂಟಿಂಗ್ ಜನ್ಮದಿನವೇ ಇಂದು ವಿಶ್ವ ಮಧುಮೇಹ ದಿನ. ನಮ್ಮಲ್ಲಿ ಅದೇ ದಿನ ಮಕ್ಕಳ ದಿನಾಚರಣೆಯೂ ಹೌದು. ಮಂಡ್ಯ, ಮದ್ದೂರು, ಮಳವಳ್ಳಿಯ ಮನೆಗಳಲ್ಲಿ ಒಂದನೇ ಬಗೆಯ ಮಧುಮೇಹವಿರುವ ಮಕ್ಕಳ ಪೋಷಕರು ಮರೆಯಬಾರದ ಸಂಗತಿಯೊಂದಿದೆ: ಇನ್ಸುಲಿನ್ ನಿಲ್ಲಿಸಿದರೆ ಜೀವಕ್ಕೇ ಅಪಾಯ, ಬೇರಾವ ಪಥ್ಯವೂ ಅದಕ್ಕೆ ಬದಲಾಗದು.